ಕೈ ಯಾರದು, ಹೆಸರು ಯಾರದು?

ಕೈಯಿಂದಲೇ ಮಾಡಿ, ನೂರಿನ್ನೂರು ಪ್ರತಿಗಷ್ಟೇ ನಿಲ್ಲಿಸಿ, ನಂಬರು ಹಾಕಿ ಮಾರುವ ಕಲಾಪುಸ್ತಕವನ್ನು ‘ಅಪರೂಪ’ ಎಂದು ಹೊಗಳುವವರಿದ್ದಾರೆ. ಯಾರಿಗೆ ಅಪರೂಪ? 1920ರ ಜನವರಿ 31ರಂದು ಅಂಬೇಡ್ಕರರು ‘ಮೂಕನಾಯಕ’ ಹೊರಡಿಸಿದ್ದು ಕೊಲ್ಹಾಪುರದ ಶಾಹು ಮಹಾರಾಜರ ನೆರವಿನಿಂದ. ರೊಕ್ಕ ಕೊಡ್ತೀವಿ ಅಂದ್ರೂ ‘ಕೇಸರಿ’ ಅದರ ಜಾಹೀರಾತು ಹಾಕಲಿಲ್ಲ. ನಮ್ಮ ಪ್ರಕಟಣೆ ಸಣ್ಣದಾಗಿದ್ದು ಅಭಿರುಚಿಯಿಂದಲ್ಲ, ಬಹಿಷ್ಕಾರದಿಂದ. ಅಕ್ಷರ ಬಲ್ಲವನೊಬ್ಬ ಓದಿದರೆ ಕೇರಿಗೆಲ್ಲ ಕೇಳಬೇಕು ಎಂಬುದೇ ಅದರ ಹಂಬಲ.

ಹಾಗಂತ ಕೈಕಸುಬಿನ ಪುಸ್ತಕವನ್ನೇ ತಳ್ಳಿಹಾಕಬೇಕಿಲ್ಲ. ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ಕೈಕಾಗದದ ಮೇಲೆ ಕೈಯಿಂದಲೇ ಅಚ್ಚುಹಾಕಿ ತಂದ ‘ದ ನೈಟ್ ಲೈಫ್ ಆಫ್ ಟ್ರೀಸ್’ ಪುಸ್ತಕಕ್ಕೆ ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮಸಿಂಗ್ ಉರ್ವೇತಿಯವರೇ ಕರ್ತೃಗಳು. ಇದು ಸಣ್ಣ ಮಾತಲ್ಲ.

ನಮ್ಮಲ್ಲಿ ನೋಡಿ: ಬೆಳಗಾವಿ ಜಿಲ್ಲೆಯ ಸಮಗಾರರು ಹೊಲಿದ ಚಪ್ಪಲಿಗೆ ಕೊಲ್ಹಾಪುರದ ಹೆಸರು. ಖಾನಾಪುರದ ಗಡಿಗೆಗೆ ಊರಿನ ಹೆಸರುಂಟು, ತಟ್ಟಿದವರ ಹೆಸರಿಲ್ಲ. ನಾಳೆ ಬೆಳಗಾವಿಯಲ್ಲಿ ಇಂಥ ಪುಸ್ತಕ ಮಾಡುವವರು ಕಾಗದ ಮಾಡಿದವರ, ಚರ್ಮ ಹದಗೊಳಿಸಿದವರ, ಹೊಲಿದವರ ಹೆಸರನ್ನೂ ಕವಿಯ ಹೆಸರಿನ ಜೊತೆಗೇ ಅಚ್ಚುಹಾಕಲಿ. ಕಪಾಟಿಗೊಂದು ದುಬಾರಿ ಪ್ರತಿ ಇದ್ದರೆ, ಅದರ ಲಾಭದಲ್ಲೇ ಕೇರಿಗೆ ಅಗ್ಗದ ಪ್ರತಿ ಬರಲಿ. ಅಲ್ಲೀತನಕ ವಿಮರ್ಶೆ ಕಾಗದದ ಅಂದ ನೋಡಿ ಮರುಳಾಗೋದು ಬ್ಯಾಡ.