ಕಮೋಡ್ ಕೂರಿಸುವ ಕೈ

ಬಚ್ಚಲಿಗೆ ಹೊಸ ಟೈಲ್ಸ್ ಹಾಕಿದ ಮೇಲೆ ಹಳೆಯ ಕಮೋಡನ್ನು ಮತ್ತೆ ಕೂರಿಸುವುದರಲ್ಲೇ ಪ್ಲಂಬರನ ಕಸುಬುದಾರಿಕೆ ಗೊತ್ತಾಗುವುದು. ಹಳೆ ನೆಲದ ಮೇಲೆಯೇ ಟೈಲ್ಸ್ ಅಂಟಿಸಿದ್ದರೆ ನೆಲ ಮೇಲೇರಿರುತ್ತದೆ, 4 ಇಂಚಿನ ಪೈಪಿನ ಬಾಯಿ ತಗ್ಗಿನಲ್ಲೇ ಉಳಿದಿರುತ್ತದೆ. ಬಲ್ಲವನು ಆ ತಗ್ಗಿಗೆ ಸಿಮೆಂಟ್ ಮೆತ್ತಿ ಕೈತೊಳೆದುಕೊಳ್ಳುವುದಿಲ್ಲ. ಪೈಪಿಗೆ ತುಂಡು ಸೇರಿಸಿ ನೆಲದ ಮಟ್ಟಕ್ಕೆ ತಂದು, ರಬ್ಬರ್ ಕನೆಕ್ಟರ್ ಹಾಕುತ್ತಾನೆ.

ನನಗೆ ಅಚ್ಚುಮೆಚ್ಚು, ಬೋಲ್ಟ್ ಬಿಗಿಯುವಾಗಿನ ಸಂಯಮ. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ನಡುನಡುವೆ ರಸಮಟ್ಟ ಇಟ್ಟು ನೋಡುವುದು. ಒಂದೇ ಕಡೆ ಬಿಗಿದರೆ ಪಿಂಗಾಣಿ ಬಿರುಕು ಬಿಡುತ್ತದೆ. ಆಮೇಲೆ ನಾಲ್ಕಾರು ಸಲ ಫ್ಲಶ್ ಮಾಡಿ, ಬುಡದ ಸುತ್ತ ಕಾಗದ ಒತ್ತಿ ನೋಡುತ್ತಾನೆ. ಅದು ಒದ್ದೆಯಾಗದಿದ್ದರೆ ಮಾತ್ರ ಸಿಲಿಕೋನ್. ಹಿಂಬದಿಯಲ್ಲಿ ಸಣ್ಣ ಸಂದು ಬಿಡುವವನ ಮೇಲೆ ನನಗೆ ಇನ್ನಷ್ಟು ಗೌರವ. ಮುಂದೆಂದಾದರೂ ಒಳಗೆ ಸೋರಿದರೆ, ಕೆಳಮನೆಯವರ ಚಾವಣಿ ತೇವಗೊಳ್ಳುವ ಮೊದಲೇ ನೀರು ಅಲ್ಲಿ ಕಾಣಿಸಿಕೊಳ್ಳಬಹುದು.