ವಿಲ್ಕ್ಸರ ಗ್ರಾಮಚಿತ್ರವೂ ಕಬ್ಬನ್ನರ ಕಾಯಿದೆಯೂ

ಕಾಯಿದೆಯ ಪುಸ್ತಕಗಳನ್ನು ಸಾಹಿತ್ಯವೆಂದು ಎಣಿಸುವ ವಾಡಿಕೆ ನಮ್ಮಲ್ಲಿಲ್ಲ. ಅವು ವಕೀಲರ ಬೀರುವಿನಲ್ಲಿ ಇರತಕ್ಕವು ಎಂದು ಬಿಟ್ಟುಬಿಡುತ್ತೇವೆ. ಆದರೆ ಯಾವ ಕಾಯಿದೆಯೇ ಆಗಲಿ, ಹುಟ್ಟುವುದಕ್ಕೆ ಮೊದಲು, ಅದನ್ನು ಮಾಡುವವರ ಮನಸ್ಸಿನಲ್ಲಿ ಜನಜೀವನದ ಒಂದು ಚಿತ್ರ ನೆಲೆಗೊಂಡಿರುತ್ತದೆ. ಆ ಚಿತ್ರವನ್ನು ಬರೆದುಕೊಟ್ಟವನು ಅನೇಕ ವೇಳೆ ಒಬ್ಬ ಗ್ರಂಥಕರ್ತನೇ ಆಗಿರುತ್ತಾನೆ. ಚಿತ್ರದಲ್ಲಿ ಯಾರಿಗೆ ಬಾಯಿಲ್ಲವೋ ಕಾಯಿದೆಯಲ್ಲಿಯೂ ಅವರಿಗೆ ಬಾಯಿರುವುದಿಲ್ಲ. ಆದುದರಿಂದ ಅಂತಹ ಚಿತ್ರವನ್ನು ಪರಿಶೀಲಿಸುವುದು ಸಾಹಿತ್ಯವಿಮರ್ಶೆಯ ಕೆಲಸವೂ ಹೌದೆಂದು ನಮಗೆ ತೋರುತ್ತದೆ. ಮೈಸೂರು ಸೀಮೆಯ ಹಳ್ಳಿಯನ್ನು ಕುರಿತ ಒಂದು ಪ್ರಸಿದ್ಧ ಚಿತ್ರವನ್ನು ತೆಗೆದುಕೊಂಡು, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ನೆಲದ ಮೇಲೆ ಅದನ್ನು ಒರೆಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಚಿತ್ರವನ್ನು ಬರೆದವರು ಕರ್ನಲ್ ಮಾರ್ಕ್ ವಿಲ್ಕ್ಸ್. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಇವರು ಮೈಸೂರಿನ ರೆಸಿಡೆಂಟರಾಗಿದ್ದರು. ದಕ್ಷಿಣ ಹಿಂದೂಸ್ಥಾನದ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದರು. ಮೊದಲನೆಯದು 1810ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಅವರು ಹೇಳುವುದರ ಸಾರವಿಷ್ಟು: ಹಿಂದೂದೇಶದ ಪ್ರತಿಯೊಂದು ಹಳ್ಳಿಯೂ ತನಗೆ ತಾನೇ ಒಂದು ಚಿಕ್ಕ ಗಣರಾಜ್ಯ, ಎಂದಿನಿಂದಲೂ ಹೀಗೆಯೇ ಇದ್ದಂತೆ ಕಾಣುತ್ತದೆ. ಊರಿಗೆ ಗೌಡನೇ ನ್ಯಾಯಾಧಿಪತಿ, ಅವನೇ ದಂಡಾಧಿಕಾರಿ. ಶಾನುಭೋಗನು ಲೆಕ್ಕ ಬರೆಯುವನು. ತಳವಾರನೂ ತೋಟಿಯೂ ಕಾವಲು ಕಾಯುವರು. ನೀರಗಂಟಿಯು ಗದ್ದೆಗಳಿಗೆ ನೀರನ್ನು ಹಂಚುವನು. ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲಿ ಇವರು ಕೂಡಿ ಹನ್ನೆರಡು ಮಂದಿ ಆಯಗಾರರು. ಇವರಿಗೆ ಊರೇ ಭೂಮಿಯನ್ನೋ ಧಾನ್ಯದ ಆಯವನ್ನೋ ಕೊಟ್ಟು ಸಾಕುತ್ತದೆ.

ಈ ಬರವಣಿಗೆಯ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಕಂಪೆನಿಯ ಅನೇಕ ಅಧಿಕಾರಿಗಳಿಗೆ ಹಳ್ಳಿಯೆಂದರೆ ಕಂದಾಯದ ಒಂದು ಅಂಕಿ. ವಿಲ್ಕ್ಸರಿಗೆ ಹಾಗಲ್ಲ. ಒಬ್ಬರ ಕೆಲಸದಿಂದ ಇನ್ನೊಬ್ಬರ ಬಾಳು ನಡೆಯುವ ಒಂದು ಸಂಸಾರ ಅಲ್ಲಿ ಅವರ ಕಣ್ಣಿಗೆ ಬಿದ್ದಿತು. ಕೆಲವು ಊರುಗಳಲ್ಲಿ ಅಕ್ಕಸಾಲಿಯ ಬದಲು ಕವಿಯೊಬ್ಬನು ಆಯಗಾರರ ಸಾಲಿನಲ್ಲಿ ಸೇರಿರುವುದುಂಟು, ಅವನೇ ಮಕ್ಕಳಿಗೆ ಓದು ಕಲಿಸುವುದೂ ಉಂಟು ಎಂಬ ಸಂಗತಿಯನ್ನೂ ಅವರು ಮರೆಯಲಿಲ್ಲ. ಚಿನ್ನ ಇಲ್ಲದ ಊರಿನಲ್ಲಿ ಕವಿತೆಯಾದರೂ ಇರಲಿ ಎಂದು ಹಿರಿಯರು ಬಗೆದಂತೆ ಕಾಣುತ್ತದೆ. ಈ ಚಿತ್ರ ಬಹುದೂರ ಹೋಯಿತು. ಕಾರ್ಲ್ ಮಾರ್ಕ್ಸ್ 1867ರಲ್ಲಿ ಪ್ರಕಟಿಸಿದ ‘ಕ್ಯಾಪಿಟಲ್’ ಗ್ರಂಥದಲ್ಲಿ ಹಿಂದೂದೇಶದ ಹಳ್ಳಿಯನ್ನು ವರ್ಣಿಸುವ ಕಡೆ ವಿಲ್ಕ್ಸರ ಪುಸ್ತಕವನ್ನೇ ಅಡಿಟಿಪ್ಪಣಿಯಲ್ಲಿ ಹೆಸರಿಸಿದ್ದಾನೆ. ನಮ್ಮ ಸೀಮೆಯ ನೀರಗಂಟಿಗೂ ಕವಿಗೂ ಜಗತ್ತಿನ ಅಂತಹ ಪುಸ್ತಕದಲ್ಲಿ ಹೀಗೆ ಸ್ಥಳ ದೊರೆಯಿತು.

ಇನ್ನು ದೋಷಕ್ಕೆ ಬರೋಣ. ಈ ಪಟ್ಟಿಯಲ್ಲಿ ಗೌಡನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲರಿಗೂ ಕೈಗಳಿವೆ, ಬಾಯಿಲ್ಲ. ತೋಟಿಯು ಊರಿಗೆ ಏನು ಮಾಡುತ್ತಾನೆಂಬುದನ್ನು ಗ್ರಂಥಕರ್ತರು ಹೇಳುತ್ತಾರೆ. ಊರಿನ ವಿಷಯದಲ್ಲಿ ತೋಟಿ ಏನು ಹೇಳುತ್ತಾನೆಂಬುದನ್ನು ಹೇಳುವುದಿಲ್ಲ. ಮಾತನಾಡುವ ಹಕ್ಕು ಒಬ್ಬನಿಗೆ ಮಾತ್ರ ಇರುವುದನ್ನು ಗಣರಾಜ್ಯವೆಂದು ಕರೆಯುವುದು ಎಷ್ಟು ಮಟ್ಟಿಗೆ ಸರಿ? ಇದು ಬರಿಯ ಮಾತಿನ ಪ್ರಶ್ನೆಯಾಗಿದ್ದರೆ ನಾವು ಬಿಡಬಹುದಾಗಿತ್ತು. ಆದರೆ ಚಿತ್ರವು ಕಾಯಿದೆಗೆ ಎಷ್ಟು ಹತ್ತಿರವಿತ್ತೆಂಬುದನ್ನು ನೋಡಿದರೆ ಬಿಡಲಾಗುವುದಿಲ್ಲ.

1834ರಿಂದ 1861ರವರೆಗೆ ಕಮಿಷನರಾಗಿ ಮೈಸೂರನ್ನು ಆಳಿದ ಮಾರ್ಕ್ ಕಬ್ಬನ್ನರು ವಿಲ್ಕ್ಸರ ಸೋದರಳಿಯ. ಇಬ್ಬರೂ ಐಲ್ ಆಫ್ ಮ್ಯಾನ್ ಎಂಬ ಒಂದೇ ಸಣ್ಣ ದ್ವೀಪದವರು. ವಿಲ್ಕ್ಸರು 1831ರಲ್ಲಿ ತೀರಿಕೊಂಡರು. ಅದೇ ವರ್ಷ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಮಾವನ ಪುಸ್ತಕವನ್ನು ಮುಂದಿಟ್ಟುಕೊಂಡೇ ಅಳಿಯನು ಆಳಿದನೆಂದು ನಾವು ಹೇಳುವುದಿಲ್ಲ. ಒಂದೇ ಮನೆತನದಲ್ಲಿ, ಒಂದೇ ತಲೆಮಾರಿನ ಅಂತರದಲ್ಲಿ, ಒಬ್ಬರು ಬರೆದ ಹಳ್ಳಿಯನ್ನು ಇನ್ನೊಬ್ಬರು ಆಳಿದರೆಂಬುದಷ್ಟೇ ನಮ್ಮ ಮಾತು.

ಆಡಳಿತ ಕೈಬದಲಾದುದಕ್ಕೆ ಹತ್ತಿರದ ಕಾರಣ 1830ರಲ್ಲಿ ಎದ್ದ ನಗರದ ದಂಗೆ. ಇಷ್ಟು ಹಣವನ್ನು ಒಪ್ಪಿಸುತ್ತೇವೆಂದು ಅಮಲ್ದಾರರು ಕರಾರು ಬರೆದುಕೊಡುತ್ತಿದ್ದ ಶರತ್ತಿನ ಪದ್ಧತಿಯಿಂದ ರೈತರು ನೊಂದು, ಅಲ್ಲಲ್ಲಿ ಕೂಟ ಸೇರಿದರು. ‘ಕೂಟ’ ಎಂಬ ಮಾತನ್ನು ವಾಚಕರು ಇಲ್ಲಿ ಗಮನಿಸಬೇಕು. ಹಳ್ಳಿಯವರು ತಾವಾಗಿಯೇ ನೆರೆದು, ತಮ್ಮ ಕಷ್ಟವನ್ನು ತಾವೇ ಆಡಿಕೊಂಡು, ಒಂದು ತೀರ್ಮಾನಕ್ಕೆ ಬಂದುದು ಇದೇ. ಗಣರಾಜ್ಯವೆಂಬ ಮಾತಿಗೆ ಇದಕ್ಕಿಂತ ಹತ್ತಿರದ ಕನ್ನಡ ನಿದರ್ಶನ ಬೇರೆ ಬೇಕಾಗಿಲ್ಲ. ಆದರೆ ಸರ್ಕಾರದ ಕಾಗದಗಳಲ್ಲಿ ಇದು ದಂಗೆಯೆಂದು ದಾಖಲಾಯಿತು. ಇದರ ವಿಚಾರಣೆಗಾಗಿ ನೇಮಿಸಿದ ನಾಲ್ವರ ಸಮಿತಿಯಲ್ಲಿ ಕಬ್ಬನ್ನರೂ ಒಬ್ಬರು. ದಂಗೆಯ ಹಿಂದೆ ರೈತರ ನಿಜವಾದ ಸಂಕಟವಿತ್ತೆಂಬುದು ಅವರಿಗೆ ಹೀಗೆ ಮೊದಲೇ ತಿಳಿದಿತ್ತು.

ಅವರು ಮಾಡಿದ ಒಳಿತನ್ನು ಮರೆಮಾಚುವುದು ವಿಮರ್ಶೆಯಾಗದು. ಶರತ್ತಿನ ಪದ್ಧತಿ ಹೋಯಿತು. ಸಾಯರು ಬಾಬಿನಲ್ಲಿ ಸೇರಿಕೊಂಡಿದ್ದ 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು. ಮದುವೆಗೆ ತೆರಿಗೆ, ಮಗುವಿಗೆ ಹೆಸರಿಡುವುದಕ್ಕೆ ತೆರಿಗೆ ಎಂಬಂತಹವು ಅದರಲ್ಲಿದ್ದವು. ಅವರ ಹುಕುಂನಾಮೆಗಳ ಮೂಲಕ ನ್ಯಾಯಸ್ಥಾನಗಳಿಗೆ ಒಂದು ಕ್ರಮ ಬಂದಿತು; ಹುಜೂರ್ ಅದಾಲತ್ತು ಏರ್ಪಟ್ಟಿತು; ವ್ಯಾಜ್ಯಗಳಲ್ಲಿ ಪಂಚಾಯಿತರ ನೆರವನ್ನು ಪಡೆಯುವ ಹಳೆಯ ಪದ್ಧತಿಯನ್ನೂ ಅವರು ಉಳಿಸಿಕೊಂಡರು. ನೆರೆಯ ಮದರಾಸು ಸೀಮೆಯಲ್ಲಿ ಇದಕ್ಕೊಂದು ಮೇಲ್ಪಂಕ್ತಿ ಆಗಲೇ ಇತ್ತು. ಥಾಮಸ್ ಮನ್ರೋ ಅವರ ಪ್ರಯತ್ನದಿಂದ ಅಲ್ಲಿ 1816ರಲ್ಲಿ ಹೊರಟ ರೆಗ್ಯುಲೇಷನ್ನುಗಳು ದರೋಗರ ಪೊಲೀಸನ್ನು ನಿಲ್ಲಿಸಿ, ಊರಿನ ಮುಖ್ಯಸ್ಥನಿಗೂ ತಳಾರಿಗೂ ಶಾಂತಿರಕ್ಷಣೆಯ ಭಾರವನ್ನು ಒಪ್ಪಿಸಿದ್ದವು.

ಹೀಗೆ ಹಳ್ಳಿಯ ಹೆಸರುಗಳೆಲ್ಲ ಉಳಿದವು. ಗೌಡನು ಪಟೇಲನೆನಿಸಿದನು, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿಯೇ ಇದ್ದರು. ಬದಲಾದುದು ಒಡೆಯನು ಮಾತ್ರ. ಕಂದಾಯ, ಪೊಲೀಸು, ಸಣ್ಣ ನ್ಯಾಯ ಈ ಮೂರನ್ನೂ ಹಿಡಿದ ಅಮಲ್ದಾರನ ಕೈಕೆಳಗೆ ಅವರೆಲ್ಲ ಬಂದರು. ಊರಿನ ಆಳಾಗಿದ್ದವನು ಸರ್ಕಾರದ ಆಳಾದನು. ಅವನನ್ನು ಸಾಕುವ ಹೊರೆ ಮಾತ್ರ ಊರಿನ ಮೇಲೆಯೇ ಉಳಿಯಿತು.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ವಿಲ್ಕ್ಸರ ಚಿತ್ರಕ್ಕೆ ಅತ್ಯಂತ ಹೊಂದಿಕೆಯಾಗುವುದು ಹಿಂದೆ ಎಡತೊರೆ ತಾಲ್ಲೂಕೆನಿಸಿದ್ದ ಕೃಷ್ಣರಾಜನಗರದ ಸೀಮೆ. ಚುಂಚನಕಟ್ಟೆಯ ಅಣೆಯಿಂದ ಹೊರಟ ನಾಲೆಗಳ ಬಯಲಿನಲ್ಲಿ ನೀರಗಂಟಿಯಿಲ್ಲದೆ ಬೇಸಾಯವಿಲ್ಲ. ಯಾರ ಗದ್ದೆಗೆ ಯಾವ ಜಾವದಲ್ಲಿ ನೀರು ಎಂಬುದನ್ನು ತಪ್ಪದೆ ನಡೆಸುವ ಊರಿಗೆ ಸ್ವಯಮಾಡಳಿತದ ಅಭ್ಯಾಸ ಇದ್ದೇ ಇರುತ್ತದೆ. ಇಲ್ಲಿ ಚಿತ್ರ ನಿಜ.

ಪಿರಿಯಾಪಟ್ಟಣಕ್ಕೆ ಬಂದರೆ ‘ಎಂದಿನಿಂದಲೂ ಹೀಗೆಯೇ’ ಎಂಬ ಮಾತು ನಿಲ್ಲುವುದಿಲ್ಲ. ಚಂಗಾಳ್ವರ ಕಾಲದಿಂದ ಕೊಡಗಿಗೂ ಮೈಸೂರಿಗೂ ನಡುವೆ ಸಿಕ್ಕಿ ನಲುಗಿದ ಸೀಮೆ ಇದು. 1800ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ನರು, ಕೋಟೆ ಹಾಳಾಗಿ ಅದರೊಳಗೆ ಹುಲಿಗಳು ಸೇರಿಕೊಂಡಿದ್ದುದನ್ನೂ, ಹಗಲಿನಲ್ಲಿಯೂ ಒಬ್ಬರೇ ಒಳಗೆ ಹೋಗಲು ಜನ ಅಂಜುತ್ತಿದ್ದುದನ್ನೂ ಬರೆದಿದ್ದಾರೆ. ಅವರ ಪುಸ್ತಕ 1807ರಲ್ಲಿ, ಎಂದರೆ ವಿಲ್ಕ್ಸರದಕ್ಕೆ ಮೂರು ವರ್ಷ ಮೊದಲೇ, ಅಚ್ಚಾಗಿದ್ದಿತು. ರಾಜ್ಯಗಳು ಬಂದು ಹೋದರೂ ಹಳ್ಳಿ ಅಲುಗುವುದಿಲ್ಲವೆಂಬುದು ಕೇಳಲು ಹಿತವಾದ ಮಾತು. ದಂಡು ಹಾಯ್ದ ನೆಲದವರು ಅದನ್ನು ಒಪ್ಪಲಾರರು.

ಹುಣಸೂರು ಬೆಳೆದ ರೀತಿಯೇ ಬೇರೆ. 1813ರಲ್ಲಿ ಅಮೃತಮಹಲು ಮದರಾಸು ಸರ್ಕಾರದ ಸೈನ್ಯದ ಇಲಾಖೆಗೆ ಸೇರಿದ ಮೇಲೆ ಈ ಊರೇ ಅದಕ್ಕೆ ಮುಖ್ಯ ಸ್ಥಳವಾಯಿತು. ದಂಡಿನ ಎತ್ತುಗಳು, ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೊಠಾರು ಇವುಗಳಿಂದ ಊರು ಬೆಳೆಯಿತು. ಅಮೃತಮಹಲಿನ ಕಾವಲುಗಳಲ್ಲಿ ಹುಲ್ಲು ದಂಡಿನ ದನಕ್ಕೆ ಮೀಸಲು. ಇಂತಹ ಕಡೆ ಗೌಡನ ಚಾವಡಿಗಿಂತ ಇಲಾಖೆಯ ಕಛೇರಿಯೇ ದೊಡ್ಡದು. ಹನ್ನೆರಡು ಆಯಗಾರರ ಪಟ್ಟಿಯಲ್ಲಿ ಕಾರ್ಖಾನೆಯ ಕೂಲಿಗೆ ಸ್ಥಳವಿಲ್ಲ.

ಹೆಗ್ಗಡದೇವನಕೋಟೆಯಲ್ಲಿಯಂತೂ ಚಿತ್ರವು ಕಾಡಿನ ಅಂಚಿನಲ್ಲಿಯೇ ನಿಂತುಬಿಡುತ್ತದೆ. ಜೇನುಕುರುಬರಿಗೂ ಕಾಡುಕುರುಬರಿಗೂ ಉತ್ತ ಹೊಲದ ಎಲ್ಲೆಯಿಲ್ಲ, ಶಾನುಭೋಗನ ಲೆಕ್ಕವಿಲ್ಲ. ಗದ್ದೆಯ ಹಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕಾಯಿದೆಯ ಕಣ್ಣಿಗೆ ಇವರು ಊರಿನವರಾಗಿ ಕಾಣಲಿಲ್ಲ. ಮುಂದೆ ಅರಣ್ಯದ ಕಾಯಿದೆಗಳು ಬಂದಾಗ ತಮ್ಮ ಕಾಡಿನಲ್ಲಿಯೇ ಇವರು ಹೊರಗಿನವರಾದರು. ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ರಣಧೀರ ಕಂಠೀರವರ ಕಾಲವನ್ನು ತೆಗೆದುಕೊಂಡು, ಕಾಡಿನ ಜನರ ಮುಖಂಡನಾದ ಕಾಕನನ್ನು ಅಧಿಕಾರದ ಎದುರಿಗೆ ನಿಲ್ಲಿಸಿ ಮಾತನಾಡಿಸಿದ್ದಾರೆ. ರೆಸಿಡೆಂಟರ ಚರಿತ್ರೆ ಕೊಡಲಾರದುದನ್ನು ಕನ್ನಡದ ನಾಟಕವೊಂದು ಕೊಟ್ಟಿತು.

ಬಾಯಿಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ತೋಟಿಯ ಕೆಲಸಕ್ಕೆ ಬಹು ಹತ್ತಿರದವನು ಕುಳವಾಡಿ. ಊರ ಹೊರಗಿನ ಕೇರಿಯವನು. ಎರಡು ಊರುಗಳಿಗೆ ಎಲ್ಲೆಯ ಜಗಳ ಬಂದಾಗ ಇವನ ತೀರ್ಮಾನವೇ ಕೊನೆಯದೆಂದು ಮೈಸೂರು ಕಮಿಷನಿನ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮೆಕೆಂಜಿಯವರು ಬರೆದಿಟ್ಟಿದ್ದಾರೆ. ಊರಿನ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಅವನು ಎಲ್ಲೆಯುದ್ದಕ್ಕೂ ನಡೆಯುವನು. ಹೆಜ್ಜೆ ತಪ್ಪಿದರೆ ಉಂಡೆ ಒಡೆದುಹೋಗುವುದೆಂದೂ, ಹದಿನೈದು ದಿನಗಳೊಳಗೆ ಅವನು ಸಾಯುವನೆಂದೂ, ಅವನ ಮನೆ ಹಾಳಾಗುವುದೆಂದೂ ನಂಬಿಕೆ. ಊರಿನ ಎಲ್ಲೆ ಎಲ್ಲಿದೆಯೆಂದು ಹೇಳುವುದಕ್ಕೆ ಅವನ ಪ್ರಾಣವೇ ಸಾಕ್ಷಿ. ಆ ಎಲ್ಲೆಯ ಒಳಗೆ ಏನು ನಡೆಯಬೇಕೆಂದು ಹೇಳುವುದಕ್ಕೆ ಚಾವಡಿಯ ಜಗಲಿಯ ಮೇಲೆ ಅವನಿಗೆ ಸ್ಥಳವಿಲ್ಲ. ವಿಲ್ಕ್ಸರ ಗಣರಾಜ್ಯದ ನಿಜವಾದ ಬಿರುಕು ಇಲ್ಲಿದೆ. ಇಂಗ್ಲಿಷರ ಕಾಯಿದೆ ಇದನ್ನು ಹುಟ್ಟಿಸಲಿಲ್ಲ. ಇದ್ದ ಬಿರುಕಿನ ಮೇಲೆ ಮುದ್ರೆಯೊತ್ತಿ ಭದ್ರಪಡಿಸಿತು.

1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದ ಮೇಲೆಯೂ ಮುದ್ರೆ ಅಳಿಸಲಿಲ್ಲ. 1908ರ ಗ್ರಾಮಾಧಿಕಾರಗಳ ರೆಗ್ಯುಲೇಷನ್ನು ಪಟೇಲಿಕೆ ಶಾನುಭೋಗಿಕೆಗಳನ್ನು ವಂಶಪರಂಪರೆಯ ಹಕ್ಕಾಗಿ ಎಣಿಸಿ, ನೌಕರರನ್ನು ಶಿಕ್ಷಿಸುವ ಅಧಿಕಾರವನ್ನು ಮೇಲಿನ ಅಧಿಕಾರಿಗಳಿಗೆ ಕೊಟ್ಟಿತು. ಅದನ್ನು ಓದುವಾಗ ನಮಗೆ ತೋರುವುದು ಇಷ್ಟೆ: ಅಲ್ಲಿ ಕರ್ತೃಪದ ಯಾವಾಗಲೂ ಸರ್ಕಾರ, ಊರು ಅಧಿಕರಣ ಮಾತ್ರ. ಕೆಲಸ ನಡೆಯುವ ಸ್ಥಳವಾಗಿ ಊರು ಬರುತ್ತದೆ, ಕೆಲಸ ಮಾಡಿಸುವ ಸಭೆಯಾಗಿ ಬರುವುದಿಲ್ಲ. 1902ರ ಲೋಕಲ್ ಬೋರ್ಡು ರೆಗ್ಯುಲೇಷನ್ನೂ 1926ರ ಗ್ರಾಮ ಪಂಚಾಯಿತಿ ರೆಗ್ಯುಲೇಷನ್ನೂ ಊರಿಗೆ ಬಾಯಿ ಕೊಡುವ ಪ್ರಯತ್ನಗಳೇ ಹೌದು. ಆದರೆ ಕೈಗಳೆಲ್ಲ ಆಗಲೇ ಬೇರೆಡೆ ಸೇರಿದ್ದವು.

1948ರ ನವೆಂಬರ್ 4ರಂದು ಸಂವಿಧಾನ ರಚನಾಸಭೆಯಲ್ಲಿ ಅಂಬೇಡ್ಕರ್ ಅವರು ಹಳ್ಳಿಯ ಗಣರಾಜ್ಯವೆಂಬ ಈ ಹೊಗಳಿಕೆಯನ್ನು ಕಟುವಾಗಿ ಖಂಡಿಸಿದರು. ಹಳ್ಳಿಯೆಂಬುದು ಅಜ್ಞಾನದ, ಸಂಕುಚಿತ ಬುದ್ಧಿಯ ತವರು ಎಂದರು. ಗಾಂಧಿಯವರ ಅನುಯಾಯಿಗಳಿಗೆ ಅದು ನೋವಾಯಿತು. ಆದರೆ ಚಿತ್ರದಲ್ಲಿ ಬಾಯಿಲ್ಲದವನ ಕಡೆಯಿಂದ ಬಂದ ಮೊದಲ ದೊಡ್ಡ ವಿಮರ್ಶೆಯೆಂದು ಅದನ್ನು ಓದಿದರೆ ಅದರ ಕಹಿ ನ್ಯಾಯವಾಗಿಯೇ ಕಾಣುತ್ತದೆ.

ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಪಟೇಲಿಕೆ, ಶಾನುಭೋಗಿಕೆಗಳು ಹೋದವು. ತೋಟಿ ತಳವಾರಿಕೆಯ ಭೂಮಿಗಳು ಮರುಮಂಜೂರಿಗೆ ಒಳಪಟ್ಟವು. 1993ರ ಪಂಚಾಯತ್ ರಾಜ್ ಅಧಿನಿಯಮದಿಂದ ಪರಿಶಿಷ್ಟರಿಗೂ ಹೆಂಗಸರಿಗೂ ಸ್ಥಾನಗಳು ಮೀಸಲಾದವು. ವಿಲ್ಕ್ಸರ ಹನ್ನೆರಡು ಮಂದಿಯ ಪಟ್ಟಿಯಲ್ಲಿ ಹೆಂಗಸು ಒಬ್ಬಳೂ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. 2006ರ ಅರಣ್ಯ ಹಕ್ಕುಗಳ ಕಾಯಿದೆಯಲ್ಲಿ ಕಾಡಿನವರ ಹಕ್ಕಿನ ವಿಚಾರವನ್ನು ಮೊದಲು ಎತ್ತಿಕೊಳ್ಳುವ ಅಧಿಕಾರ ಗ್ರಾಮಸಭೆಗೇ ದೊರೆಯಿತು. ಕಾಯಿದೆಯ ಮಟ್ಟಿಗೆ ಚಿತ್ರವನ್ನು ತಿದ್ದಿ ಬರೆದಂತಾಯಿತು.

ಆದರೂ ಕಾಯಿದೆಯಲ್ಲಿ ಬರೆದುದು ಜಗಲಿಯ ಮೇಲೆ ನಡೆಯಬೇಕಲ್ಲ! ನಮ್ಮ ಊರುಗಳ ಸಾಹಿತ್ಯಾಭಿಮಾನಿಗಳಲ್ಲಿ ನಮ್ಮದೊಂದು ಬಿನ್ನಹ. ಹಳೆಯ ಶಾಸನಗಳನ್ನು ಓದಲು ಎಷ್ಟು ಆಸಕ್ತಿಯಿಂದ ಹೋಗುತ್ತೀರೋ, ಅಷ್ಟೇ ಆಸಕ್ತಿಯಿಂದ ನಿಮ್ಮ ಗ್ರಾಮಸಭೆಯ ನಡವಳಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿರಿ. ಯಾರು ಬಂದರೆಂಬುದಕ್ಕೆ ರುಜುಗಳಿರುತ್ತವೆ. ಯಾರು ಏನು ಹೇಳಿದರೆಂಬುದಿದೆಯೇ? ಕೊನೆಯ ಕೇರಿಯವನ ಮಾತು, ಹಾಡಿಯಿಂದ ಬಂದವಳ ಮಾತು, ಅವರ ಹೆಸರಿನೊಡನೆ ಅಲ್ಲಿದ್ದರೆ ವಿಲ್ಕ್ಸರ ಗಣರಾಜ್ಯ ಈಗಲಾದರೂ ನಿಜವಾಗುತ್ತಿದೆಯೆಂದು ತಿಳಿಯಬಹುದು. ಬರಿಯ ರುಜುಗಳೇ ಇದ್ದರೆ, ಕಬ್ಬನ್ನರ ಕಾಲದ ಚಾವಡಿಯೇ ಹೊಸ ಸುಣ್ಣ ಬಳಿದುಕೊಂಡು ನಿಂತಿದೆಯೆಂದು ತಿಳಿಯಬೇಕು.