ಪಾನಾ ಯಾರ ಕೈಯಲ್ಲಿ?

ಮೈಲಾರದ ಸುತ್ತಮುತ್ತ ಹೊಲದ ದಾರಿಯಲ್ಲಿ ಸೈಕಲ್ ತುಳಿದವರಿಗೆ ಎರಡು ಮುಳ್ಳು ಚೆನ್ನಾಗಿ ಗೊತ್ತು. ಬೇಲಿಯಿಂದ ಉದುರುವ ಬಳ್ಳಾರಿ ಜಾಲಿಯದು ಒಂದು, ನೆಲಕ್ಕಂಟಿ ಹಬ್ಬುವ ನೆಗ್ಗಿಲದು ಇನ್ನೊಂದು. ಮಳೆ ಬಿತ್ತೆಂದರೆ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಕೆರೆದು ತೆಗೆಯದೆ ಮುಂದಕ್ಕೆ ಹೋಗುವಂತಿಲ್ಲ. ದಿನಾ ಶಾಲೆಗೋ ಹೊಲಕ್ಕೋ ಹೋಗುವ ಸೈಕಲ್ಲನ್ನು ತೂಗಬೇಕಾದದ್ದು ಈ ನೆಲದ ಮೇಲೆ.

ಹಾಗೆ ತೂಗಿದರೆ ಹಳೆಯ ಕರಿ ಸೈಕಲ್ಲೇ ಮೇಲು. 28 ಇಂಚಿನ ಗಾಲಿ, ಮುಂದೆ 32, ಹಿಂದೆ 40 ಕಡ್ಡಿ, ತಂತಿಯ ಬದಲು ಸರಳಿನ ಬ್ರೇಕು, ಹುಲ್ಲಿನ ಹೊರೆ ತಾಳುವ ಕ್ಯಾರಿಯರ್. ಭಾರವೇನೋ ಹೌದು, ಏರಿನಲ್ಲಿ ತೊಡೆ ಸೋಲುತ್ತದೆ. ಆದರೆ ಬಿಚ್ಚಲಾಗದ ಭಾಗ ಅದರಲ್ಲಿ ಇಲ್ಲವೆಂದೇ ಹೇಳಬೇಕು. ಎರಡು ಪಾನಾ, ಒಂದು ಸುತ್ತಿಗೆ ಇದ್ದರೆ ಕಾಟರ್ ಪಿನ್ ಹೊಡೆದು ಪೆಡಲ್ಲಿನ ತೋಳು ಕಳಚಬಹುದು. ಗೋಲಿ ಸವೆದರೆ ಬಿಡಿಯಾಗಿ ಕೊಂಡು ಗ್ರೀಸಿನಲ್ಲಿ ಕೂರಿಸಬಹುದು. ಗಾಳಿ ನಿಲ್ಲದಿದ್ದಾಗ ಟ್ಯೂಬನ್ನು ಬೈಯುವ ಮೊದಲು ವಾಲ್ವಿನ ಪುಟ್ಟ ರಬ್ಬರ್ ಕೊಳವೆ ನೋಡಬೇಕು. ಈಗಿನ ಹುಡುಗರು ಕೇಳುವ, ಮುಂದೆ ಸ್ಪ್ರಿಂಗು ಕೂರಿಸಿದ ದಪ್ಪ ಟೈರಿನ ಅಗ್ಗದ ಸೈಕಲ್ ನೋಡಲು ಚೆಂದ. ತುಳಿದ ಬಲದಲ್ಲಿ ಒಂದಿಷ್ಟನ್ನು ಆ ಸ್ಪ್ರಿಂಗೇ ತಿನ್ನುತ್ತದೆ.

ಪಂಚರ್ ಹಾಕಲು ಕಲಿಯಲು ಒಂದು ಮಧ್ಯಾಹ್ನ ಸಾಕು. ಟ್ಯೂಬನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವುದು, ಉಜ್ಜುಕಾಗದದಿಂದ ತಿಕ್ಕುವುದು, ಸಲೂಶನ್ ಹಚ್ಚಿ ಅದು ಒಣಗುವವರೆಗೆ ತಡೆಯುವುದು. ಅವಸರದವರು ಹಸಿ ಇರುವಾಗಲೇ ತೇಪೆ ಒತ್ತಿಬಿಡುತ್ತಾರೆ. ಅದು ಸಂಜೆಗೇ ಏಳುತ್ತದೆ. ಎಲ್ಲಕ್ಕಿಂತ ಮುಖ್ಯ, ಟೈರಿನ ಒಳಮೈಗೆ ಬೆರಳಾಡಿಸಿ ಮುಳ್ಳನ್ನು ಕಂಡುಹಿಡಿಯುವುದು. ಮುರಿದು ಒಳಗುಳಿದ ನೆಗ್ಗಿಲ ಮೊನೆ ಅದೇ ಜಾಗದಲ್ಲಿ ಮತ್ತೆ ಚುಚ್ಚುತ್ತದೆ. ಎಲ್ಲವನ್ನೂ ಮನೆಯಲ್ಲೇ ಮಾಡಬಹುದೆಂದರೆ ಸುಳ್ಳಾಗುತ್ತದೆ: ಗಾಲಿಯ ಬೆಂಡ್ ತೆಗೆಯಲು ಪಳಗಿದ ಕೈ ಬೇಕು, ಅಂಗಡಿ ಬೇಕು.

ನನ್ನ ತಕರಾರು ಇರುವುದು ಬೇರೆ ಕಡೆ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಬಸ್ಸಿಲ್ಲದ ಹಳ್ಳಿಯ ಹುಡುಗಿ ಪಕ್ಕದೂರಿನ ಹೈಸ್ಕೂಲಿಗೆ ಹೋಗುವಂತಾದದ್ದು ಸಣ್ಣ ಮಾತಲ್ಲ. ಆದರೆ ಸೈಕಲ್ ಅವಳದಾದರೂ ಪಾನಾ ಅಣ್ಣನ ಕೈಯಲ್ಲೇ ಉಳಿಯಿತು. ಪಂಚರಾದರೆ ಅಣ್ಣನಿಗೆ ಪುರುಸೊತ್ತಾಗುವವರೆಗೆ ಸೈಕಲ್ ಗೋಡೆಗೆ, ಅವಳು ಮನೆಯಲ್ಲಿ. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೇ ಹೆಂಗಸರಿಗೆ ಸೈಕಲ್ ತುಳಿಯಲು ಕಲಿಸಿತು. ವಾಹನದ ಜೊತೆ ಕಲಿಕೆಯೂ ಬರಬೇಕೆಂಬುದು ಅಲ್ಲಿನವರಿಗೆ ಆಗಲೇ ಹೊಳೆದಿತ್ತು.

ಸೈಕಲ್ ಮತ್ತೆ ಕೊಡುವ ದಿನ ಬಂದರೆ ಪ್ರತಿಯೊಂದರ ಜೊತೆ ಒಂದು ಪಂಪು, ಎರಡು ಪಾನಾ, ಒಂದು ಟ್ಯೂಬ್ ಸಲೂಶನ್ ಇರಲಿ. ಶಾಲೆಯ ಅಂಗಳದಲ್ಲಿ ಒಂದು ಶನಿವಾರ ಊರಿನ ಸೈಕಲ್ ರಿಪೇರಿಯವರನ್ನೇ ಕರೆಸಿ, ಸಂಬಳ ಕೊಟ್ಟು ಕಲಿಸಲಿ. ಮೊದಲ ಸಾಲಿನಲ್ಲಿ ಹುಡುಗಿಯರು ಕೂರಲಿ.